ಹಲ್ಲು ಕೂಡಿಸೋ ಕಂಪನಿ, ಬಾಯಿ ಮುಚ್ಚಿಸೋ ನೌಕರಿ



ಈ ಪೋಸ್ಟ್ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಕಡೀತನಕ ಓದ್ರಿ. ನಿಮ್ಮ ಓಣಿಯಲ್ಲಿ ಇಸ್ತ್ರಿ ಅಂಗಿ ಹಾಕ್ಕೊಂಡು, ಬೆನ್ನಿಗೆ ಕರಿ ಬ್ಯಾಗ್ ಏರಿಸಿ ಮುಂಜಾನೆ ಬೈಕ್ ಹತ್ತಿ ಹೋಗೋ ಹುಡುಗ ಯಾವನಾದರೂ ಇದ್ದರೆ ಅವನಿಗೂ ಓದಿಸ್ರಿ.

ನನ್ನ ತಂಗಿಯ ಮಗ ಎರಡೂವರೆ ವರ್ಷ ಹಲ್ಲಿನ ಇಂಪ್ಲಾಂಟ್ ಮಾರುವ ಒಂದು ಕಂಪನಿಯಲ್ಲಿ ಸೇಲ್ಸ್ ರೆಪ್ ಆಗಿದ್ದ. ಹೋದ ತಿಂಗಳು ಬಿಟ್ಟ. ಬಿಟ್ಟ ಅನ್ನೋದು ತಪ್ಪು, ಬಿಡಿಸಿದರು. ಕಂಪನಿ ಹೆಸರು ಇಲ್ಲಿ ಹಾಕೋದಿಲ್ಲ. ಒಂದು, ಅವನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಎರಡು, ಇದು ಒಂದೇ ಕಂಪನಿಯ ಸುದ್ದಿ ಅಲ್ಲ. ಹೆಸರು ಹಾಕಿದರೆ ಉಳಿದ ಕಂಪನಿಯವರು "ನಾವಲ್ಲಪ್ಪ" ಅಂತ ಕೈ ತೊಳಕೊಂಡು ಕೂಡ್ತಾರೆ.

ಅವನ ಏರಿಯಾ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಐದು ತಾಲೂಕಿಗೆ ಒಬ್ಬನೇ ಹುಡುಗ, ಒಂದೇ ಬೈಕು. ಕೆಲವು ದಿನ ನೂರೈವತ್ತು ಕಿಲೋಮೀಟರ್ ಹೊಡೀತಿದ್ದ. ಮಳೆಗಾಲದಲ್ಲಿ ದೂಧಗಂಗಾ, ವೇದಗಂಗಾ ಮೇಲಿನ ಸಣ್ಣ ಸೇತುವೆಗಳು ಮುಳುಗಿದರೆ ಸುತ್ತು ಹಾಕಿ ಹೋಗಬೇಕು. ಆ ಸುತ್ತಿನ ಪೆಟ್ರೋಲು ಕಂಪನಿ ಲೆಕ್ಕಕ್ಕೆ ಬರೋದಿಲ್ಲ. ಮ್ಯಾಪಿನಲ್ಲಿ ಎಷ್ಟು ದೂರ ತೋರಿಸ್ತದೋ ಅಷ್ಟಕ್ಕೇ ದುಡ್ಡು. ನೀರು ಬಂದದ್ದು ಕೃಷ್ಣಾ ಹೊಳಿಗೆ ಗೊತ್ತು, ಕಂಪನಿ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ.

ಇಂಪ್ಲಾಂಟ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಹಲ್ಲು ಬಿದ್ದ ಜಾಗದಲ್ಲಿ ದವಡೆ ಎಲುಬಿಗೆ ಟೈಟೇನಿಯಂ ಸ್ಕ್ರೂ ಕೂಡಿಸ್ತಾರೆ. ಕೆಲವು ತಿಂಗಳಲ್ಲಿ ಎಲುಬು ಅದಕ್ಕೆ ಅಂಟಿಕೊಂಡು ಬೆಳೀತದೆ. ಆಮೇಲೆ ಅದರ ಮೇಲೆ ಹಲ್ಲು ಹಾಕ್ತಾರೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ 1965ರಲ್ಲಿ ಮೊದಲ ಸಲ ಒಬ್ಬ ಮನುಷ್ಯನಿಗೆ ಹೀಗೆ ಹಲ್ಲು ಕೂಡಿಸಿದ. ಒಳ್ಳೆಯ ವಿದ್ಯೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ಹಲ್ಲಿಗೆ ಹತ್ತಾರು ಸಾವಿರ. ನಮ್ಮ ಭಾಗದಲ್ಲಿ ಹಲ್ಲು ಕಳಕೊಳ್ಳೋರು ಯಾರು? ಮಿಶ್ರಿ ಉಜ್ಜಿ, ತಂಬಾಕು ತಿಂದು, ತಂಬಾಕಿನ ವಖಾರಿಯಲ್ಲಿ, ಕಬ್ಬಿನ ಗದ್ದೆಯಲ್ಲಿ ದುಡಿದು ನಲವತ್ತಕ್ಕೇ ಬಾಯಿ ಬರಿದಾದವರು. ಅವರಿಗೆ ಇಂಪ್ಲಾಂಟ್ ಕನಸಿನಲ್ಲೂ ಇಲ್ಲ. ಆ ಹುಡುಗನ ಅಜ್ಜಿ, ಅಂದರೆ ನನ್ನ ತಂಗಿಯ ಅತ್ತಿ, ನಿಪ್ಪಾಣಿ ವಖಾರಿಯಲ್ಲಿ ತಂಬಾಕು ಜರಡಿ ಹಿಡಿದವಳು. ಅವಳ ಬಾಯಾಗ ಈಗ ಎರಡೇ ಹಲ್ಲು. ಮೊಮ್ಮಗನ ಬ್ಯಾಗಿನಲ್ಲಿ ಲಕ್ಷಗಟ್ಟಲೆ ರೂಪಾಯಿಯ ಹಲ್ಲಿನ ಸ್ಕ್ರೂ.

ಈಗ ಕೆಲಸದ ವಿಷಯಕ್ಕೆ ಬರ್ತೀನಿ.

ನಾನು ಕ್ಲರ್ಕ್. ಕಾಗದ ಓದೋದೇ ನನ್ನ ಕಸುಬು. ಅವನು ಕೆಲಸ ಕಳಕೊಂಡ ಮೇಲೆ "ನಿನ್ನ ಆರ್ಡರ್ ಕಾಪಿ ತೊಗೊಂಡು ಬಾರೋ" ಅಂದೆ. ಬರೀ ಒಂದು ಇಮೇಲ್ ತೋರಿಸಿದ. ಅದರಲ್ಲಿ "ನೌಕರ" ಅನ್ನೋ ಶಬ್ದವೇ ಇಲ್ಲ. "ಟೆರಿಟರಿ ಬಿಸಿನೆಸ್ ಅಸೋಸಿಯೇಟ್" ಅಂತ ಬರೆದಿದ್ದಾರೆ. ಸಂಬಳ 16 ಸಾವಿರ, ಟಾರ್ಗೆಟ್ ತಿಂಗಳಿಗೆ 4 ಲಕ್ಷ. ಎಷ್ಟು ತಾಸು ದುಡೀಬೇಕು, ಎಷ್ಟು ರಜೆ, ಅಪಘಾತ ಆದರೆ ಯಾರು ಜವಾಬ್ದಾರಿ, ಒಂದು ಅಕ್ಷರವೂ ಇಲ್ಲ. ಮುಂಜಾನೆ ಮೊದಲ ಡಾಕ್ಟರ್ ಬಾಗಿಲಲ್ಲಿ ನಿಂತು ಲೊಕೇಶನ್ ಸಮೇತ ಫೋಟೋ ಹಾಕಬೇಕು. ರಾತ್ರಿ ಹತ್ತಕ್ಕೆ ದಿನದ ರಿಪೋರ್ಟ್. ಆದಿತ್ಯವಾರ "ರಿವ್ಯೂ ಕಾಲ್". ವಾಟ್ಸಾಪ್ ಗ್ರೂಪಿನಲ್ಲಿ ಟಾರ್ಗೆಟ್ ಮುಟ್ಟದವರ ಹೆಸರು ಕೆಂಪು ಬಣ್ಣದಲ್ಲಿ. ಶಾಲೆಯಲ್ಲಿ ಮಾಸ್ತರು ಬೆಂಚಿನ ಮೇಲೆ ನಿಲ್ಲಿಸ್ತಿದ್ದರಲ್ಲ, ಅದು ಈಗ ಮೊಬೈಲಿಗೆ ಬಂದಿದೆ.

ಮುಖ್ಯ ಮಾತು ಮುಂದೈತಿ. ಇಂಪ್ಲಾಂಟ್ ಮಾಲು ಡಾಕ್ಟರಿಗೆ ಉದ್ರಿ ಕೊಡ್ತಾರೆ. ಪೇಶಂಟ್ ದುಡ್ಡು ಕೊಟ್ಟ ಮೇಲೆ ಡಾಕ್ಟರ್ ಕಂಪನಿಗೆ ಕೊಡಬೇಕು. ಮೂರು ತಿಂಗಳು, ಆರು ತಿಂಗಳು ಕೊಡೋದಿಲ್ಲ. ಆಗ ಕಂಪನಿ ಡಾಕ್ಟರಿಗೆ ನೋಟಿಸ್ ಕಳಿಸೋದಿಲ್ಲ, ಡಾಕ್ಟರ್ ಗಿರಾಕಿ ಅಲ್ಲಾ! ರೆಪ್ ಸಂಬಳದಲ್ಲಿ ಹಿಡೀತಾರೆ. ನಮ್ಮ ಹುಡುಗನ ಸಂಬಳದಲ್ಲಿ ಹೀಗೆ ಎರಡೂವರೆ ವರ್ಷದಲ್ಲಿ 38 ಸಾವಿರ ಹಿಡಿದಿದ್ದಾರೆ. ಡಾಕ್ಟರ್ ಹೊಸ ಕಾರು ತೊಗೊಂಡ, ನಮ್ಮ ಹುಡುಗ ಬೈಕಿನ ಕಂತು ತುಂಬಾಕ ನನ್ನ ಹತ್ತಿರ ಸಾಲ ಕೇಳಿದ.

"ಇದರಾಗ ಜಾತಿ ಎಲ್ಲಿ ಬಂತು? ಟಾರ್ಗೆಟ್ ಎಲ್ಲ ಜಾತಿಯವರಿಗೂ ಒಂದೇ ಅಲ್ಲೇನ್ರಿ?" ಅಂತ ಕೇಳೋರು ಇದ್ದಾರೆ. ನನ್ನ ಆಫೀಸಿನಲ್ಲೇ ಕೇಳಿದರು. ಅವರಿಗೆ ಉತ್ತರ ಹೇಳ್ತೀನಿ.

ಟಾರ್ಗೆಟ್ ಒಂದೇ, ಹೌದು. ದಾರಿ ಒಂದೇ ಅಲ್ಲ. ನಮ್ಮ ಐದು ತಾಲೂಕಿನಲ್ಲಿ ದೊಡ್ಡ ದವಾಖಾನೆ ಇಟ್ಟವರು ಯಾವ ಮನೆತನದವರು ಅಂತ ಎಲ್ಲರಿಗೂ ಗೊತ್ತು. ಅವರ ಜಾತಿಯ ರೆಪ್‌ಗೆ ಆರ್ಡರ್ ಮದುವಿ ಊಟದ ಪಂಕ್ತಿಯಲ್ಲೇ ಸಿಗ್ತದೆ. "ನೀ ನಮ್ಮ ಇಂಥವರ ಅಳಿಯಾ ಅಲ್ಲೇನೋ?" ಅಂದರೆ ಅರ್ಧ ಕೆಲಸ ಆದಂಗೆ. ನಮ್ಮ ಹುಡುಗ ಅದೇ ಆರ್ಡರಿಗೆ ವೇಟಿಂಗ್ ರೂಮಿನಲ್ಲಿ ಎರಡು ತಾಸು ಕೂಡಬೇಕು. ಕೂಡಬೇಕಲ್ಲ, ನಿಲ್ಲಬೇಕು. ಕುರ್ಚಿ ಪೇಶಂಟ್‌ಗೆ.

ಬಾಕಿ ವಸೂಲಿ ಇನ್ನೂ ಕಠಿಣ. ಒಂದು ಸಲ ಯೋಚನೆ ಮಾಡ್ರಿ. ನಮ್ಮ ಊರುಗಳಲ್ಲಿ ಯಾರು ಯಾರಿಗೆ "ನನ್ನ ದುಡ್ಡು ಕೊಡ್ರಿ" ಅಂತ ಗಟ್ಟಿಯಾಗಿ ಕೇಳಬಹುದು? ನೂರಾರು ವರ್ಷ ಕೂಲಿ ಕೇಳಾಕೂ ತಲೆ ತಗ್ಗಿಸಿ ನಿಂತ ಮನೆತನದ ಹುಡುಗ, ಯಾರ ಹೊಲದಲ್ಲಿ ಅವನ ಅಪ್ಪ ಇವತ್ತೂ ಕಬ್ಬು ಕಡೀತಾನೋ ಅವರ ಮನೆಯ ಡಾಕ್ಟರ್ ಮುಂದೆ ನಿಂತು "ಸರ್, ಆರು ತಿಂಗಳ ಬಾಕಿ ಐತಿ" ಅಂತ ದನಿ ಏರಿಸ್ತಾನೇನು? ಏರಿಸಿದರೆ ಸಂಜಿಗೆ ಅಪ್ಪನಿಗೆ ಫೋನ್ ಹೋಗ್ತದೆ. ಇದು ಆಗಿದೆ, ಅದಕ್ಕೇ ಬರೀತಿದೀನಿ. ಕಂಪನಿ ಜಾತಿ ನೋಡಿ ಸಂಬಳ ಹಿಡಿಯೋದಿಲ್ಲ ಅಂತಾರೆ. ಹೌದು, ಬಾಕಿ ನೋಡಿ ಹಿಡೀತದೆ. ಬಾಕಿ ಯಾರಲ್ಲಿ ಉಳೀತದೆ ಅನ್ನೋದನ್ನ ಜಾತಿ ನಿರ್ಧಾರ ಮಾಡ್ತದೆ. ಎತ್ತರದ ಗೋಡೆ ಮುಂದೆ ಒಬ್ಬನಿಗೆ ಏಣಿ ಕೊಟ್ಟು, ಒಬ್ಬನನ್ನ ಬರಿಗಾಲಲ್ಲಿ ನಿಲ್ಲಿಸಿ, ಇಬ್ಬರೂ ಒಂದೇ ಗೋಡೆ ಹತ್ತಬೇಕು ಅನ್ನೋದಕ್ಕೆ ಸಮಾನತೆ ಅಂತ ಹೆಸರು ಇಟ್ಟಿದ್ದಾರೆ.

ಮತ್ತ ಅಡ್ಡಹೆಸರಿನ ವಿಷಯ. ಕೆಲಸಕ್ಕೆ ಸೇರಿದ ಎರಡನೇ ವಾರ ಏರಿಯಾ ಮ್ಯಾನೇಜರ್ ಜೊತೆಗೆ ತಿರುಗಾಡಲು ಬಂದ. ಚಾ ಕುಡಿಯುವಾಗ "ನಿನ್ನ ಅಡ್ಡಹೆಸರು ಏನಂದಿ?" ಅಂತ ಕೇಳಿ, "ವಿಸಿಟಿಂಗ್ ಕಾರ್ಡಿನ್ಯಾಗ ಬರೀ ಹೆಸರು ಹಾಕ್ಸು. ಡಾಕ್ಟರ್ ಮುಂದ ಅಡ್ಡಹೆಸರು ಹೇಳಬ್ಯಾಡ, ಬಿಸಿನೆಸ್ಸಿಗೆ ಚಲೋ ಅಲ್ಲ" ಅಂದ. ಬೈಗುಳ ಇಲ್ಲ, ಸಿಟ್ಟಿಲ್ಲ. ಬುದ್ಧಿ ಹೇಳಿದಂಗೆ ಹೇಳಿದ. ಇವತ್ತಿನ ಜಾತಿ ಹೀಗೇ ಇರ್ತದೆ, ಟೈ ಕಟ್ಟಿಕೊಂಡು, ನಿಮ್ಮ ಒಳ್ಳೆಯದಕ್ಕೇ ಅಂತ ಮಾತಾಡ್ತದೆ.

ಆ ಹುಡುಗ ನನಗೆ ಒಂದು ಮಾತು ಅಂದ. "ಮಾಮಾ, ಆಪರೇಶನ್ ನಡದಾಗ ಡಾಕ್ಟರ್ ಬಾಜೂಕ ನಾನ ನಿಂತಿರ್ತೀನಿ. ಯಾವ ಸೈಜ್, ಯಾವ ಡ್ರಿಲ್ ಅಂತ ನಾನ ಹೇಳತೀನಿ. ನಾ ಕೊಟ್ಟಿದ್ದು ಅವರ ದವಡ್ಯಾಗ ಕೂಡತೈತಿ. ನನ್ನ ಅಡ್ಡಹೆಸರು ಮಾತ್ರ ಅವರ ಗಂಟಲಾಗ ಇಳಿಯಂಗಿಲ್ಲ." ನನ್ನ ಇಪ್ಪತ್ತು ವರ್ಷದ ಭಾಷಣಕ್ಕಿಂತ ಆ ಮಾತು ದೊಡ್ಡದು.

ಈಗ ನನ್ನ ತಪ್ಪು ಹೇಳ್ತೀನಿ.

2025ರ ಏಪ್ರಿಲ್ 14, ಸೋಮವಾರ. ಬಾಬಾಸಾಹೇಬರ ಜಯಂತಿ, ಸರ್ಕಾರಿ ರಜೆ. ಅವನ ಕಂಪನಿ ಅವತ್ತೇ ಬೆಳಗಾವಿಯ ಹೊಟೆಲಿನಲ್ಲಿ ಮೀಟಿಂಗ್ ಇಟ್ಟಿತು. ಇವನು ಒಂದು ವಾರ ಮೊದಲೇ ರಜೆ ಕೇಳಿದ್ದ. ಮ್ಯಾನೇಜರ್ ಎಲ್ಲರ ಮುಂದೆ "ಡಿಜೆ ಮುಂದ ಕುಣೀಲಿಕ್ಕ ರಜಾ ಬೇಕೇನಲೇ? ಟಾರ್ಗೆಟ್ ಮುಟ್ಟಿಸು, ಮುಂದಿನ ವರ್ಷ ಕುಣಿಯಾಕ ಹೋಗು" ಅಂದ. ಹತ್ತು ಹನ್ನೆರಡು ಜನ ನಕ್ಕರು. ಇವನು ಮಧ್ಯಾಹ್ನ ಹೊಟೆಲಿನ ಮೆಟ್ಟಿಲ ಮೇಲೆ ಕೂತು ನನಗೆ ಫೋನ್ ಮಾಡಿದ. ನಾನು ಚಿಕ್ಕೋಡಿಯಲ್ಲಿ ಮೆರವಣಿಗೆಯ ತಯಾರಿಯಲ್ಲಿದ್ದೆ. ಏನಂದೆ ಗೊತ್ತೇನು? "ಸುಮ್ನಿರೋ, ಪ್ರೈವೇಟ್‌ನ್ಯಾಗ ಹಿಂಗ ಇರ್ತದ. ತಡಕೊ." ಅಷ್ಟು ಹೇಳಿ ಫೋನ್ ಇಟ್ಟು, ಮೈಕ್ ಹಿಡಿದು "ಶಿಕ್ಷಣ, ಸಂಘಟನೆ, ಹೋರಾಟ" ಅಂತ ಮಾತಾಡಿದೆ.

ಆ ಮೂರು ಶಬ್ದದಲ್ಲಿ ಶಿಕ್ಷಣ ಅವನು ಪಡೆದಿದ್ದ. ಸಂಘಟನೆ ನಾವು ಕೊಡಬೇಕಿತ್ತು, ಕೊಡಲಿಲ್ಲ.

ಇದು ನನ್ನೊಬ್ಬನ ತಪ್ಪಲ್ಲ, ನಮ್ಮ ಚಳವಳಿಯದ್ದು. ಬೇಜಾರಾದರೂ ಕೇಳ್ರಿ. ನಾವು ಮೀಸಲಾತಿ ಅಂತೀವಿ, ಬ್ಯಾಕ್‌ಲಾಗ್ ಅಂತೀವಿ, ದೌರ್ಜನ್ಯ ಕೇಸು, ಸ್ಮಶಾನ ಜಾಗ, ಪುತ್ಥಳಿ ಅಂತೀವಿ. ಎಲ್ಲವೂ ಬೇಕು. ಆದರೆ ಸರ್ಕಾರಿ ನೌಕರಿ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದೆ, ಇದ್ದದ್ದೂ ಹೊರಗುತ್ತಿಗೆ. ನಮ್ಮ ಬಿಎ, ಬಿಎಸ್ಸಿ, ಬಿಕಾಂ ಹುಡುಗರು ಎಲ್ಲಿ ಹೋಗಿದ್ದಾರೆ? ಔಷಧಿ ಕಂಪನಿ, ಫೈನಾನ್ಸ್ ವಸೂಲಿ, ಇನ್ಶೂರೆನ್ಸ್, ಬೀಜ ಗೊಬ್ಬರ ಮಾರಾಟ, ಡೆಲಿವರಿ. ಅಲ್ಲಿ ಮೀಸಲಾತಿ ಇಲ್ಲ, ನಮ್ಮ ಬೋರ್ಡೂ ಇಲ್ಲ. ಅಲ್ಲಿ ನಮ್ಮ ಹುಡುಗ ಒಬ್ಬಂಟಿ.

ಬಾಬಾಸಾಹೇಬರು ನಮಗೆ ಈ ದಾರಿ ತೋರಿಸಲಿಲ್ಲವೇ? 1936ರಲ್ಲಿ ಅವರು ಕಟ್ಟಿದ ಪಕ್ಷದ ಹೆಸರೇ ಸ್ವತಂತ್ರ ಕಾರ್ಮಿಕ ಪಕ್ಷ. 1938ರ ಫೆಬ್ರುವರಿಯಲ್ಲಿ ಮನಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಮ್ಮ ವೈರಿಗಳು ಅಂತ ಸ್ಪಷ್ಟವಾಗಿ ಹೇಳಿದರು. ಅದೇ ವರ್ಷ ನವೆಂಬರ್ 7ರಂದು ಮುಷ್ಕರದ ಹಕ್ಕು ಕಸಿಯುವ ಮಸೂದೆ ವಿರುದ್ಧ ಮುಂಬೈಯಲ್ಲಿ ಮುಷ್ಕರ ಮಾಡಿಸಿದರು. 1942ರಿಂದ 1946ರತನಕ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನಡೆಸಿದರು. ಕಾರ್ಖಾನೆಯ ವಾರದ ದುಡಿಮೆ 54 ತಾಸಿನಿಂದ 48ಕ್ಕೆ ಇಳಿಸುವ ತಿದ್ದುಪಡಿ ಅವರ ಕಾಲದಲ್ಲೇ ಬಂತು. ಅವರ ಫೋಟೋಕ್ಕೆ ಹಾರ ಹಾಕೋ ನಾವು ಆದಿತ್ಯವಾರವೂ ದುಡಿಯೋ ನಮ್ಮ ಹುಡುಗನಿಗೆ "ತಡಕೊ" ಅಂತೀವಿ.

ಈ ನೆಲಕ್ಕೇ ಒಂದು ಇತಿಹಾಸ ಐತಿ. 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ಅಧ್ಯಕ್ಷತೆ ವಹಿಸಿದ ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆದದ್ದು ನಮ್ಮ ನಿಪ್ಪಾಣಿಯಲ್ಲಿ. ಅಂದರೆ ಆ ಹುಡುಗನಿಗೆ ಜಯಂತಿ ರಜೆ ಕೊಡದ ಏಪ್ರಿಲ್‌ಗೆ ಸರಿಯಾಗಿ ನೂರು ವರ್ಷ ಮೊದಲು! ಅದೇ ನಿಪ್ಪಾಣಿಯಲ್ಲಿ 1980ರ ಸುಮಾರಿಗೆ ತಂಬಾಕು ವಖಾರಿಯ ಹೆಣ್ಣುಮಕ್ಕಳು ಯೂನಿಯನ್ ಕಟ್ಟಿ ಮುಷ್ಕರ ಹೂಡಿದರು. ಕೂಲಿ, ಕೆಲಸದ ತಾಸು, ಮಾಲಕರ ಕಿರುಕುಳ, ಎಲ್ಲದರ ಬಗ್ಗೆ ಬಾಯಿ ಬಿಟ್ಟರು. ಯುಗಾಂತರ್ ಎಂಬ ಹೆಣ್ಣುಮಕ್ಕಳ ತಂಡ 1982ರಲ್ಲಿ ಅವರ ಮೇಲೆ ಸಿನಿಮಾ ಮಾಡಿತು. ಓದು ಬರಹ ಬಾರದ, ಕೆಮ್ಮುತ್ತಾ ಧೂಳಿನಲ್ಲಿ ಕೂತ ಆ ತಾಯಂದಿರಿಗೆ ಬಂದ ಧೈರ್ಯ ಡಿಗ್ರಿ ಪಡೆದ ನಮ್ಮ ಹುಡುಗರಿಗೆ ಯಾಕೆ ಬರ್ತಿಲ್ಲ? ಹುಡುಗರು ಹೇಡಿಗಳು ಅಂತಲ್ಲ. ವಖಾರಿಯಲ್ಲಿ ಎಲ್ಲರೂ ಒಂದೇ ಕಡೆ ಕೂಡ್ತಿದ್ದರು, ಒಬ್ಬರ ಮುಖ ಒಬ್ಬರು ನೋಡ್ತಿದ್ದರು. ಸೇಲ್ಸ್ ಹುಡುಗ ದಿನಾ ಒಬ್ಬನೇ. ಇನ್ನೊಬ್ಬ ರೆಪ್ ಅವನಿಗೆ ಸಂಗಾತಿ ಅಲ್ಲ, ಪೈಪೋಟಿ. ಕಂಪನಿ ಬೇಕಂತಲೇ ಹಾಗೆ ಇಟ್ಟಿದೆ. ಅದರ ಮೇಲೆ "ನೀ ಕೂಲಿ ಅಲ್ಲ, ಎಕ್ಸಿಕ್ಯೂಟಿವ್" ಅಂತ ತಲಿಗೆ ತುಂಬಿದೆ. ಕೂಲಿಯವರಿಗೆ ಯೂನಿಯನ್, ಎಕ್ಸಿಕ್ಯೂಟಿವ್‌ಗೆ ಎಂಥಾ ಯೂನಿಯನ್? ಅಜ್ಜಿಗೆ ತಾನು ಕೂಲಿ ಅಂತ ಗೊತ್ತಿತ್ತು, ಅದಕ್ಕೇ ಗೆದ್ದಳು. ಮೊಮ್ಮಗನಿಗೆ ಅದನ್ನೇ ಮರೆಸಿದ್ದಾರೆ.

ಕಾನೂನು ಇಲ್ಲ ಅಂತ ತಿಳಕೋಬ್ಯಾಡ್ರಿ. ಐತಿ.

ಸೇಲ್ಸ್ ಪ್ರಮೋಶನ್ ನೌಕರರ ಸೇವಾ ಷರತ್ತುಗಳ ಕಾಯ್ದೆ 1976ರಲ್ಲೇ ಬಂತು, ಔಷಧಿ ಕಂಪನಿಯ ರೆಪ್‌ಗಳ ಹೋರಾಟದಿಂದ. ಅವರ ಅಖಿಲ ಭಾರತ ಒಕ್ಕೂಟ 1963ರಿಂದಲೇ ಇದೆ. ಲಿಖಿತ ನೇಮಕಾತಿ ಪತ್ರ ಕೊಡಲೇಬೇಕು, ದುಡಿದ ದಿನದ ಹನ್ನೊಂದನೇ ಒಂದು ಭಾಗ ಗಳಿಕೆ ರಜೆ ಪೂರ್ತಿ ಸಂಬಳದ ಮೇಲೆ ಕೊಡಬೇಕು ಅಂತ ಆ ಕಾಯ್ದೆ ಹೇಳಿತು. ಅಪಘಾತ ಪರಿಹಾರ, ಬೋನಸ್, ಗ್ರಾಚ್ಯುಟಿ, ಕನಿಷ್ಠ ವೇತನ, ಹೆರಿಗೆ ಸೌಲಭ್ಯ, ಎಲ್ಲವನ್ನೂ ಇವರಿಗೆ ತಂದಿತು. 2011ರಲ್ಲಿ ಇನ್ನೂ ಕೆಲವು ಉದ್ಯಮ ಸೇರಿಸಿದರು. ಅದರಲ್ಲಿ ಶಸ್ತ್ರಚಿಕಿತ್ಸೆ ಉಪಕರಣ, ಕೃತಕ ಅಂಗದ ಮಾರಾಟವೂ ಇದೆ. ದವಡೆಗೆ ಕೂಡಿಸೋ ಹಲ್ಲು ಕೃತಕ ಅಂಗ ಅಲ್ಲದೆ ಮತ್ತೇನು? ಮೆಡಿಕಲ್ ರೆಪ್ ಕೈಗಾರಿಕಾ ವಿವಾದ ಕಾಯ್ದೆಯ ವ್ಯಾಖ್ಯೆ ಪ್ರಕಾರ ಕಾರ್ಮಿಕ ಅಲ್ಲ ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಅಡ್ಯಂತಾಯ ಪ್ರಕರಣದಲ್ಲಿ ಹೇಳಿತು. ಅದಕ್ಕೇ 1976ರ ಕಾಯ್ದೆ ಇವರಿಗೆ ಜೀವದಷ್ಟೇ ಮುಖ್ಯ ಆಗಿತ್ತು.

ಈಗ ಆ ಕಾಯ್ದೆಯನ್ನೇ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಕರಗಿಸಿ, 2025ರ ನವೆಂಬರ್ 21ರಿಂದ ಜಾರಿ ಅಂದಿದ್ದಾರೆ. ರೆಪ್‌ಗಳ ಸಂಘಟನೆ ಇದನ್ನ ವಿರೋಧ ಮಾಡ್ತಿದೆ, ನಾನೂ ಅವರ ಕಡೆ. ದುಡಿದು ಗಳಿಸಿದ ಪ್ರತ್ಯೇಕ ಕಾಯ್ದೆ ಕಳಕೊಂಡಿದ್ದು ನಷ್ಟವೇ. ಆದರೂ ಕೈಯಲ್ಲಿ ಉಳಿದದ್ದನ್ನ ಹಿಡೀಬೇಕು. ಕೈಗಾರಿಕಾ ಸಂಬಂಧ ಸಂಹಿತೆಯ "ಕಾರ್ಮಿಕ" ವ್ಯಾಖ್ಯೆಯಲ್ಲಿ ಸೇಲ್ಸ್ ಪ್ರಮೋಶನ್ ನೌಕರರ ಹೆಸರು ಇದೆ. ನೇಮಕಾತಿ ಪತ್ರ ಕಡ್ಡಾಯ ಅಂತಿದೆ. ವೇತನ ಸಂಹಿತೆ ಪ್ರಕಾರ ಕಾನೂನು ಹೇಳಿದ ಕಾರಣ ಬಿಟ್ಟು ಬೇರೆ ಯಾವ ಕಾರಣಕ್ಕೂ ಸಂಬಳ ಹಿಡಿಯುವಂತಿಲ್ಲ. ನೌಕರನ ನಿರ್ಲಕ್ಷ್ಯದಿಂದ ಮಾಲು ಕಳೆದರೆ ಹಿಡೀಬಹುದು, ಡಾಕ್ಟರ್ ಕೊಡದ ಬಿಲ್ಲು ನೌಕರನ ನಿರ್ಲಕ್ಷ್ಯ ಹೇಗಾಗ್ತದೆ? ಕೆಲಸ ಬಿಟ್ಟ, ಇಲ್ಲಾ ಬಿಡಿಸಿದ ಎರಡು ಕೆಲಸದ ದಿನದೊಳಗೆ ವೇತನದ ಲೆಕ್ಕ ಚುಕ್ತಾ ಮಾಡಬೇಕು. ನಮ್ಮ ಹುಡುಗನದ್ದು ಒಂದು ತಿಂಗಳಾಯಿತು.

"ಅಟ್ರಾಸಿಟಿ ಕೇಸ್ ಹಾಕ್ರಿ" ಅಂತ ಕೆಲವು ಗೆಳೆಯರು ಅಂದರು. ಆ ಕಾಯ್ದೆ ನಮ್ಮ ಕವಚ, ಅದನ್ನ ಯಾರೂ ಹಗುರ ಮಾಡಬಾರದು. ಆದರೆ ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಅಂದ ಮಾತು "ಸಾರ್ವಜನಿಕರ ಕಣ್ಣೆದುರು" ಅಂತ ಆಗೋದಿಲ್ಲ ಅಂತ 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಅಡ್ಡಹೆಸರು ಹೇಳಬ್ಯಾಡ" ಅನ್ನೋದಕ್ಕೆ ಯಾವ ಕಲಂ ಹಾಕ್ತೀರಿ? ನಕ್ಕ ಹನ್ನೆರಡು ಜನರಲ್ಲಿ ಸಾಕ್ಷಿ ಹೇಳೋರು ಯಾರು? ಕೇಸು ಹಾಕೋ ಕಡೆ ಹಾಕೋಣ. ಆದರೆ ದಿನನಿತ್ಯದ ಅವಮಾನಕ್ಕೆ ಕೇಸೊಂದೇ ಮದ್ದಲ್ಲ. ಪಕ್ಕದಲ್ಲಿ ನಾಲ್ಕು ಜನ ನಮ್ಮವರು ನಿಂತರೆ ಮ್ಯಾನೇಜರ್ ನಾಲಿಗೆ ತಾನಾಗಿ ಸರಿ ಆಗ್ತದೆ.

ಇನ್ನೊಂದು. ಡಾಕ್ಟರುಗಳಿಗೆ ಗಿಫ್ಟು, ಟೂರು ಕೊಡಬಾರದು ಅಂತ ಔಷಧಿಗೆ 2024ರ ಮಾರ್ಚ್‌ನಲ್ಲಿ, ವೈದ್ಯಕೀಯ ಉಪಕರಣಕ್ಕೆ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಂಹಿತೆ ತಂದಿತು. ಕಾಗದದ ಮೇಲೆ ಚಂದ. ಡಾಕ್ಟರ್ ಮಗನ ಬರ್ತಡೇಗೆ ಕೇಕ್ ಒಯ್ಯೋದು ಮಾತ್ರ ನಮ್ಮ ಹುಡುಗನೇ, ತನ್ನ ಕಿಸೆಯಿಂದ. ಬಿಲ್ ಹಾಕಿದರೆ "ಅದು ನಿನ್ನ ರಿಲೇಶನ್‌ಶಿಪ್ಪಿಗೆ, ಕಂಪನಿಗಲ್ಲ" ಅಂದರು. ನಾಳೆ ಸಿಕ್ಕಿಬಿದ್ದರೆ ಕಂಪನಿ ಸ್ವಚ್ಛ, ಹುಡುಗ ಕಳ್ಳ.

"ಅಷ್ಟು ತ್ರಾಸ ಇದ್ದರ ಬಿಟ್ಟು ಬ್ಯಾರೆ ಕೆಲಸ ನೋಡಬೇಕಪ್ಪ" ಅಂತ ಸುಲಭವಾಗಿ ಹೇಳ್ತಾರೆ. ಹತ್ತು ಎಕರೆ ಕಬ್ಬು ಇದ್ದವನು ಬಿಟ್ಟು ಹೊಲಕ್ಕೆ ಹೋಗ್ತಾನೆ, ಅಪ್ಪನ ಅಂಗಡಿ ಇದ್ದವನು ಗಲ್ಲೆ ಮೇಲೆ ಕೂಡ್ತಾನೆ. ನಮ್ಮ ಹುಡುಗ ಬಿಟ್ಟು ಎಲ್ಲಿಗೆ ಹೋಗಬೇಕು? ಅವನಪ್ಪ ಬಿಟ್ಟು ಬರಬೇಕು ಅಂತ ಇಪ್ಪತ್ತು ವರ್ಷ ಹೆಣಗಿದ ಗದ್ದೆಗೇ ಹೋಗಬೇಕು. ಅದಕ್ಕೇ ನಾವು ಬಿಡೋ ಮಾತು ಆಡಬಾರದು, ಹಿಡಿದು ನಿಲ್ಲೋ ಮಾತು ಆಡಬೇಕು.

ಸೇಲ್ಸ್ ಕೆಲಸದಲ್ಲಿರೋ ತಮ್ಮಂದಿರಿಗೆ, ತಂಗಿಯರಿಗೆ ನಾಲ್ಕು ಮಾತು:

1. ನೇಮಕಾತಿ ಪತ್ರ ಬರವಣಿಗೆಯಲ್ಲಿ ಕೇಳ್ರಿ. "ಅಸೋಸಿಯೇಟ್", "ಪಾರ್ಟ್ನರ್" ಅಂತ ಬರೆದಿದ್ದರೆ ಹುಷಾರ್. ಏನೇ ಹೆಸರಿಟ್ಟರೂ ನೀವು ಮಾಡೋ ಕೆಲಸ ನೌಕರಿಯೇ.

2. ಸಂಬಳದಲ್ಲಿ ಹಿಡಿದ ಪ್ರತಿ ರೂಪಾಯಿಗೆ ಇಮೇಲ್ ಮಾಡಿ ಕಾರಣ ಕೇಳ್ರಿ. ಬಾಯಿಮಾತು ಗಾಳಿಗೆ ಹೋಗ್ತದೆ, ಕಾಗದ ಉಳೀತದೆ.

3. ವಾಟ್ಸಾಪ್ ಮೆಸೇಜ್, ಟೂರ್ ಪ್ಲ್ಯಾನ್, ದಿನದ ರಿಪೋರ್ಟ್ ಅಳಿಸಬ್ಯಾಡ್ರಿ. ನೀವು ದುಡಿದದ್ದಕ್ಕೆ ಅವೇ ಸಾಕ್ಷಿ.

4. ರೆಪ್‌ಗಳ ಸಂಘಟನೆಗೆ ಸೇರ್ರಿ. ಅಲ್ಲಿ ಜಾತಿ ಪ್ರಶ್ನೆ ಎತ್ತೋರು ಕಡಿಮೆ ಇರಬಹುದು. ನೀವೇ ಹೋಗಿ ಎತ್ತ್ರಿ.

ನಮ್ಮ ಸಂಘಟನೆಗಳ ಹಿರಿಯರಿಗೆ, ಗೆಳೆಯರಿಗೆ ಒಂದೇ ವಿನಂತಿ. ಮುಂದಿನ ಜಯಂತಿ ಮೆರವಣಿಗೆಯ ಖರ್ಚಿನಲ್ಲಿ ಒಂದು ಡಿಜೆ ಕಡಿಮೆ ಮಾಡೋಣ. ಆ ದುಡ್ಡಿನಲ್ಲಿ ಐದೂ ತಾಲೂಕಿನಲ್ಲಿ ಖಾಸಗಿ ಕೆಲಸದ ಹುಡುಗರಿಗೆ ಒಂದೊಂದು ದಿನದ ಕಾನೂನು ಶಿಬಿರ ಮಾಡೋಣ. ಏಪ್ರಿಲ್ 14ರ ರಜೆ ಕೊಡದ ಕಂಪನಿಗಳ ಪಟ್ಟಿ ಮಾಡೋಣ. ಕಾರ್ಮಿಕ ಇಲಾಖೆಗೆ ಒಬ್ಬೊಬ್ಬರೇ ಹೋದರೆ "ನಾಳೆ ಬಾ" ಅಂತಾರೆ, ಐವತ್ತು ಜನ ಹೋದರೆ ಕುರ್ಚಿ ಹಾಕ್ತಾರೆ. ಕುರ್ಚಿ ಈಚೆ ಕೂತು ಇಪ್ಪತ್ತು ವರ್ಷ ನೋಡಿದವನು ಹೇಳ್ತಿದೀನಿ.

ನಮ್ಮ ಹುಡುಗ ಈಗ ಮನೆಯಲ್ಲಿದ್ದಾನೆ. ಮೊನ್ನೆ ಇಬ್ಬರೂ ಕೂತು ಅರ್ಜಿ ಬರೆದೆವು. 38 ಸಾವಿರದ ಲೆಕ್ಕ ತಿಂಗಳವಾರು ಹಾಕಿದೆವು. ಕೊನೆಗೆ ಸಹಿ ಮಾಡುವಾಗ ಅವನು ಕೇಳಿದ, "ಮಾಮಾ, ಅಡ್ಡಹೆಸರು ಬರೀಲೇನು?"

"ಪೂರ್ತಿ ಬರಿ" ಅಂದೆ.

ಬರೆದ. ಎರಡೂವರೆ ವರ್ಷದಲ್ಲಿ ಕಂಪನಿಗೆ ಹೋಗೋ ಕಾಗದದ ಮೇಲೆ ಮೊದಲ ಸಲ.

ನಿಮ್ಮ ಮನೆ ಹುಡುಗರದ್ದೂ ಇಂಥ ಕಾಗದ ಇದ್ದರೆ ತರ್ರಿ. ಆದಿತ್ಯವಾರ ಚಿಕ್ಕೋಡಿಯಲ್ಲೇ ಇರ್ತೀನಿ, ಮೆಸೇಜ್ ಹಾಕಿ ಬರ್ರಿ. ಓದಿ ಹೇಳ್ತೀನಿ, ಅರ್ಜಿ ಬರೆದು ಕೊಡ್ತೀನಿ, ದುಡ್ಡು ಬ್ಯಾಡ. "ತಡಕೊ" ಅಂತ ಮಾತ್ರ ಇನ್ನು ಯಾರಿಗೂ ಹೇಳೋದಿಲ್ಲ.

ಜೈಭೀಮ್.